ಕಡತ ಲಭ್ಯವಿಲ್ಲ ಅನ್ನುವ ಹಿಂಬರಹ

ಮಂಡ್ಯ, 18 ನವೆಂಬರ್ 2025, ಮಂಗಳವಾರ

2020ರ ಡಿಸೆಂಬರ್‌ನಲ್ಲಿ ಆರಿಸಿ ಬಂದ ಗ್ರಾಮ ಪಂಚಾಯಿತಿ ಸದಸ್ಯರ ಐದು ವರ್ಷ ಮುಗಿಯುತ್ತ ಬಂತು. ಮದ್ದೂರು, ಮಳವಳ್ಳಿ, ಪಾಂಡವಪುರ, ಯಾವ ತಾಲ್ಲೂಕಾದರೂ ಸರಿ, ಸದಸ್ಯರ ಮನೆಯ ಬೀರುವಿನಲ್ಲಿ, ಸ್ಕೂಟರ್ ಡಿಕ್ಕಿಯಲ್ಲಿ ಪಂಚಾಯಿತಿ ಕಾಗದ ಒಂದಿಷ್ಟು ಇದ್ದೇ ಇರುತ್ತದೆ: ಸಭೆ ನೋಟಿಸು, ಕ್ರಿಯಾ ಯೋಜನೆ, ಗ್ರಾಮಸಭೆಯಲ್ಲಿ ಜನ ಕೈಗೆ ಕೊಟ್ಟ ಮನವಿ. ಜೆರಾಕ್ಸ್ ಆದರೆ ಇಟ್ಟುಕೊಳ್ಳಲಿ. ಮೂಲ ಪ್ರತಿ ಕಚೇರಿಯದು. ಎರಡು ಪ್ರತಿ ಪಟ್ಟಿ ಮಾಡಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಒಪ್ಪಿಸಿ, ಒಂದರ ಮೇಲೆ ಸೀಲು ಹಾಕಿದ ಸ್ವೀಕೃತಿ ಪಡೆಯಬೇಕು. ನಾಳೆ ಯಾರೋ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ‘ಆ ಕಾಗದ ಹಿಂದಿನ ಸದಸ್ಯರ ಬಳಿ ಇದೆ’ ಅಂತ ಕಚೇರಿಯವರು ಬರೆದರೆ ತೋರಿಸಲು ಇರುವುದು ಆ ಸೀಲು ಒಂದೇ.

ಸದಸ್ಯರು ಮಾಹಿತಿ ಅಧಿಕಾರಿಯಲ್ಲ. ಗ್ರಾಮ ಪಂಚಾಯಿತಿಯಲ್ಲಿ ಆ ಜವಾಬ್ದಾರಿ ಪಿಡಿಒದು, ಮೇಲ್ಮನವಿ ಕೇಳುವವರು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ). ಆದ್ದರಿಂದ ಊರವರು ಪರಿಚಯದ ಸಲುಗೆಯಲ್ಲಿ ಸದಸ್ಯರ ಕೈಗೆ ಕೊಟ್ಟ ಅರ್ಜಿಗೆ, ಉತ್ತರ ಕೊಡಬೇಕಾದ 30 ದಿನದ ಲೆಕ್ಕ ಶುರುವಾಗುವುದೇ ಇಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಬದಲು ಕಚೇರಿಯ ಟಪಾಲು ವಿಭಾಗಕ್ಕೆ ಕೊಡಿಸಿ, ಸ್ವೀಕೃತಿ ಸಂಖ್ಯೆ ಬರೆಸಿಕೊಡಬೇಕು.

ಅರ್ಜಿ ಬರೆಯುವ ರೀತಿಯಲ್ಲೇ ಅರ್ಧ ಕೆಲಸ ಇದೆ. ‘ವಾರ್ಡ್ 3ರ ಚರಂಡಿ ಕಾಮಗಾರಿಯ ಸಂಪೂರ್ಣ ಮಾಹಿತಿ ಕೊಡಿ’ ಅಂದರೆ ಎರಡು ಹಾಳೆ ಬರುತ್ತದೆ. ನಿರ್ಣಯ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟ, ಬಿಲ್ಲು, ಪಾವತಿ ಓಚರ್ ಅಂತ ಕಾಗದಗಳನ್ನು ಹೆಸರು ಹಿಡಿದು ಕೇಳಿದರೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಅಳತೆ ಪುಸ್ತಕ ಇಂಜಿನಿಯರ್ ಹತ್ತಿರ ಇದೆ ಅನ್ನುವುದೂ ಉತ್ತರವಲ್ಲ. ಮಾಹಿತಿ ಹಕ್ಕು ಕಾಯ್ದೆಯ ಕಲಂ 5(4)ರಲ್ಲಿ ಪಿಡಿಒ ಅದನ್ನು ಇಂಜಿನಿಯರ್ ಹತ್ತಿರ ಕೇಳಿ ಪಡೆಯಬಹುದು. ಕೊಡದಿದ್ದರೆ 5(5)ರ ಪ್ರಕಾರ ಆ ಇಂಜಿನಿಯರನ್ನೇ ಮಾಹಿತಿ ಅಧಿಕಾರಿ ಅಂತ ಪರಿಗಣಿಸಲಾಗುತ್ತದೆ. ‘ಏಕೆ ಹೀಗೆ ಮಾಡಿದಿರಿ’ ಅಂತ ಕೇಳಿ ಪ್ರಯೋಜನವಿಲ್ಲ. ಕಚೇರಿಯಲ್ಲಿ ಇರುವುದನ್ನು ಕೊಡಬೇಕೇ ಹೊರತು ಹೊಸದಾಗಿ ಬರೆದು ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕಾರಣ ಬೇಕಿದ್ದರೆ ಕಡತದಲ್ಲಿ ಅಧಿಕಾರಿಗಳು ಅಭಿಪ್ರಾಯ ಬರೆಯುವ ಟಿಪ್ಪಣಿ ಹಾಳೆಯ ನಕಲು ಕೇಳಿ, ಕಾರಣ ಕೂತಿರುವುದು ಅಲ್ಲಿ.

ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ನಕಲು ಪುಟಕ್ಕೆ 2 ರೂಪಾಯಿ. 140 ಪುಟವಾದರೆ 280 ಕಟ್ಟಿ ಅಂತ ಪತ್ರ ಬರುತ್ತದೆ. ಆ ಪತ್ರ ಹೊರಟ ದಿನದಿಂದ ದುಡ್ಡು ಕಟ್ಟುವ ದಿನದವರೆಗೆ 30 ದಿನದ ಎಣಿಕೆ ನಿಂತಿರುತ್ತದೆ. ಗಡುವು ಮೀರಿದರೆ ಅಷ್ಟೂ ಪುಟ ಉಚಿತ, ಕಲಂ 7(6). ಉತ್ತರ ಬರಲಿಲ್ಲ, ಅಥವಾ ಬಂದದ್ದು ಒಪ್ಪಿಗೆಯಾಗಲಿಲ್ಲ ಅಂದರೆ 30 ದಿನದೊಳಗೆ ಇಒಗೆ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಇನ್ನು ಸಭೆಯ ನಿರ್ಣಯ ಬರೆಯುವ ನಡಾವಳಿ ಪುಸ್ತಕ. ಪಂಚಾಯಿತಿಯ ಜಗಳಗಳಲ್ಲಿ ಬಹುಪಾಲು ಬಂದು ನಿಲ್ಲುವುದು ಇದರ ಮುಂದೆ. ಕೊನೆಯ ನಿರ್ಣಯಕ್ಕೂ ಅಧ್ಯಕ್ಷರ ಸಹಿಗೂ ನಡುವೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದರೆ, ಆ ನಾಲ್ಕು ಸಾಲಿನಲ್ಲಿ ಮುಂದಿನ ವಾರ ಒಂದು ನಿವೇಶನದ ಖಾತೆ ಮಂಜೂರಾಗಬಹುದು. ಅಕ್ಷರ ಸಣ್ಣದಾಗಿ ಒತ್ತೊತ್ತಾಗಿದ್ದರೆ, ಶಾಯಿ ಬೇರೆ ಬಣ್ಣದ್ದಾಗಿದ್ದರೆ ಅನುಮಾನಪಡಲೇಬೇಕು. ಸಭೆ ಮುಗಿದ ಕೂಡಲೇ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಸಿ, ತಿದ್ದಿದ ಕಡೆ ವೈಟ್ನರ್ ಬಿಟ್ಟು ಕಾಟು ಹಾಕಿ ಚಿಕ್ಕ ಸಹಿ ಮಾಡಿಸಿ, ಪುಟ ಸಂಖ್ಯೆ ನೋಡಿಯೇ ಸದಸ್ಯರು ಏಳಬೇಕು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಲ್ಲಿ ತರಬೇತಿ ಪಡೆದವರೂ ಚಹಾ ಬಂದ ಮೇಲೆ ಇದನ್ನು ಮರೆಯುತ್ತಾರೆ. ನಕಲು ಕೇಳುವವರೂ ಅಷ್ಟೇ: ಒಂದು ನಿರ್ಣಯವನ್ನು ಮಾತ್ರ ಕೇಳದೆ, ಆ ದಿನದ ಹಾಜರಾತಿಯಿಂದ ಕೊನೆಯ ಸಹಿಯವರೆಗೆ ಎಲ್ಲಾ ಪುಟ ಕೇಳಿ. ಸಂದೇಹ ಇದ್ದರೆ ನಕಲಿಗಿಂತ ಮೂಲ ಪುಸ್ತಕವನ್ನೇ ಕಣ್ಣಾರೆ ನೋಡುವ ಪರಿಶೀಲನೆಯೇ ಮೇಲು. ಜೆರಾಕ್ಸ್‌ನಲ್ಲಿ ಶಾಯಿಯ ಬಣ್ಣ ಕಾಣುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಬಂದ ಕಾಮಗಾರಿ ಫೋಟೋ, ‘ಒಪ್ಪಿಗೆ’ ಅನ್ನುವ ಸಂದೇಶಗಳೂ ಇವೆ. ಕಾಯ್ದೆ ಇಲೆಕ್ಟ್ರಾನಿಕ್ ರೂಪದ್ದನ್ನೂ ಮಾಹಿತಿ ಅಂತಲೇ ಕರೆಯುತ್ತದೆ. ಫೋನು ಬದಲಾಯಿಸುವ ಮುಂಚೆ ಕಚೇರಿ ಕೆಲಸಕ್ಕೆ ಸಂಬಂಧಿಸಿದ್ದನ್ನು ಮುದ್ರಿಸಿ, ದಿನಾಂಕ ಬರೆದು ಆಯಾ ಕಡತಕ್ಕೆ ಸೇರಿಸಿಬಿಡಿ.

ಯಾವುದನ್ನು ಎಷ್ಟು ಕಾಲ ಇಡಬೇಕು? ನಮ್ಮ ಕಚೇರಿಗಳ ಪದ್ಧತಿಯಲ್ಲಿ ಎ ವರ್ಗ ಶಾಶ್ವತ, ಬಿ 30 ವರ್ಷ, ಸಿ 10, ಡಿ 5, ಇ 1 ವರ್ಷ. ಕಡತ ಮುಕ್ತಾಯ ಮಾಡುವಾಗಲೇ ರಕ್ಷಾಪುಟದ ಮೇಲೆ ವರ್ಗ ಬರೆಯದಿದ್ದರೆ ಮುಂದೆ ಬಂದವರು ಯಾವುದನ್ನೂ ಬಿಸಾಡಲು ಧೈರ್ಯ ಮಾಡುವುದಿಲ್ಲ, ಅಥವಾ ಎಲ್ಲವನ್ನೂ ಗುಜರಿಗೆ ಹಾಕುತ್ತಾರೆ. ಅವಧಿ ಮುಗಿದರೂ ಲೆಕ್ಕಪರಿಶೋಧನೆಯ ಆಕ್ಷೇಪಣೆ, ಕೋರ್ಟ್ ಕೇಸು, ಇತ್ಯರ್ಥವಾಗದ ಮಾಹಿತಿ ಅರ್ಜಿ ಇದ್ದರೆ ಆ ಕಡತ ಮುಟ್ಟುವಂತಿಲ್ಲ. ನಾಶ ಮಾಡಿದ್ದಕ್ಕೂ ಪಟ್ಟಿ, ಮಂಜೂರಾತಿ, ದಿನಾಂಕ ಉಳಿದಿರಬೇಕು. ಆ ಪಟ್ಟಿ ಇದ್ದರೆ ‘ಅವಧಿ ಮುಗಿದು ನಾಶಪಡಿಸಲಾಗಿದೆ’ ಅನ್ನುವುದು ನಿಲ್ಲುವ ಉತ್ತರ.

‘ಕಡತ ಲಭ್ಯವಿಲ್ಲ’ ಅನ್ನುವ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ನಿಲ್ಲುವುದಿಲ್ಲ. ಮಾಹಿತಿ ಕೊಡದಿರಲು ಕಲಂ 8ರಲ್ಲಿರುವ ವಿನಾಯಿತಿಗಳಲ್ಲಿ ಅಂಥದ್ದೊಂದು ಇಲ್ಲ. ಹುಡುಕಿಸಿ, ಹೊಣೆ ಯಾರದೆಂದು ವಿಚಾರಿಸಬೇಕು ಅಂತ ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿತು. ದಂಡ ದಿನಕ್ಕೆ 250 ರೂಪಾಯಿ, 25,000ದವರೆಗೆ, ಅಧಿಕಾರಿಯ ಸ್ವಂತ ಜೇಬಿನಿಂದ. ಹುಡುಕುವ ಕ್ರಮವೂ ಗೊತ್ತಿರುವುದೇ. ಮೊದಲು ಕಡತ ಚಲನವಲನ ವಹಿ, ಆಮೇಲೆ ಹಿಂದಿನ ಪಿಡಿಒ ಪ್ರಭಾರ ಒಪ್ಪಿಸಿದ ಪಟ್ಟಿ, ಆಮೇಲೆ ತಾಲ್ಲೂಕು ಪಂಚಾಯಿತಿಗೆ ಕಳಿಸಿದ ಪ್ರತಿ, ಪಂಚಾಯಿತಿಗಳ ಪಂಚತಂತ್ರ ತಂತ್ರಾಂಶದ ಪಾವತಿ ವಿವರ. ಇಷ್ಟು ಸೇರಿದರೆ ಕಳೆದ ಕಡತವನ್ನು ಮುಕ್ಕಾಲು ಪಾಲು ಮತ್ತೆ ಕಟ್ಟಬಹುದು.

ಬಹಳ ಸಲ ಕಡತ ಕಳೆದಿರುವುದೇ ಇಲ್ಲ, ಕಟ್ಟಿನ ನಡುವೆ ಹೆಸರಿಲ್ಲದೆ ಬಿದ್ದಿರುತ್ತದೆ. ವರ್ಷ, ವಿಷಯ, ಸಂಖ್ಯೆ ಬರೆದ ಚೀಟಿ ಕಟ್ಟಿನ ಹೊರಮುಖಕ್ಕೆ ಬರಲಿ. ಬೀರು ಗೋಡೆಯಿಂದ ಒಂದು ಗೇಣು ಈಚೆಗಿರಲಿ, ಗೆದ್ದಲು ಹತ್ತುವುದು ಗೋಡೆಯ ಕಡೆಯಿಂದಲೇ.