ಬೇಸಿಗೆಗೊಂದು ಅರ್ಜಿ: ಫಾರ್ಮ್ 202

ಜನವರಿ 22, 2023, ಭಾನುವಾರ
ಕಿಂಗ್‌ಸ್ಟನ್, ಒಂಟಾರಿಯೊ

ಫಾರ್ಮ್ 202ರಲ್ಲಿ ನನ್ನ ಪಾಲಿನ ಭಾಗ ಇವತ್ತು ಮುಗಿಯಿತು. ಕೆನಡಾ ಸರ್ಕಾರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ, ಅಂದರೆ ಎನ್‌ಸರ್ಕ್, ಪದವಿ ಓದುವವರಿಗೆ ಕೊಡುವ ಸಂಶೋಧನಾ ಪುರಸ್ಕಾರದ ಅರ್ಜಿ ಅದು. ಶಾಲು ಹೊದಿಸುವ ಬಾಬತ್ತೇನಲ್ಲ. ಬೇಸಿಗೆಯಲ್ಲಿ 16 ವಾರ ಪ್ರೊಫೆಸರೊಬ್ಬರ ಲ್ಯಾಬಿನಲ್ಲಿ ಪೂರ್ತಿ ಹೊತ್ತು ದುಡಿಯಬೇಕು, ಅದಕ್ಕೆ ದುಡ್ಡು ಬರುತ್ತದೆ.

ಎಷ್ಟು ಅಂತ ಅಪ್ಪ ಫೋನಿನಲ್ಲಿ ಕೇಳಿದರು. ಎನ್‌ಸರ್ಕ್ 6,000 ಡಾಲರ್ ಕೊಡುತ್ತದೆ, ವಿಶ್ವವಿದ್ಯಾಲಯ ಅದರ ಮೇಲೆ ಕಡೇಪಕ್ಷ ಶೇ 25 ಸೇರಿಸಲೇಬೇಕು, ಅಲ್ಲಿಗೆ 7,500. ಅಪ್ಪ ಬ್ಯಾಂಕಿನಲ್ಲಿದ್ದವರು, ಸುಮ್ಮನಿರುತ್ತಾರೆಯೇ? ವಾರಕ್ಕೆ 35 ಗಂಟೆ ಹಿಡಿದು ಬಾಯಲ್ಲೇ ಭಾಗಿಸಿ, ‘ಗಂಟೆಗೆ ಹದಿಮೂರು ಚಿಲ್ಲರೆ ಬಿತ್ತಲ್ಲೇ ಪುಟ್ಟಿ, ಟಿಮ್ ಹಾರ್ಟನ್ಸ್‌ನಲ್ಲಿ ಕಾಫಿ ಕೊಟ್ಟರೂ ಇದಕ್ಕಿಂತ ಜಾಸ್ತಿ’ ಅಂದರು. ಲೆಕ್ಕ ಸರಿಯೇ. ಒಂಟಾರಿಯೊದ ಕನಿಷ್ಠ ಕೂಲಿ ಈಗ, 2023ರ ಜನವರಿಯಲ್ಲಿ, ಗಂಟೆಗೆ 15.50 ಡಾಲರ್. ಪ್ರೊಫೆಸರ್ ತಮ್ಮ ಗ್ರ್ಯಾಂಟಿನಿಂದ, ಅಂದರೆ ಸಂಶೋಧನೆಗೆ ಸಿಕ್ಕ ಅನುದಾನದಿಂದ, ಇನ್ನಷ್ಟು ಸೇರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೂ ನನಗೆ ಕೌಂಟರಿನ ಹಿಂದೆ ನಿಲ್ಲುವ ಮನಸ್ಸಿಲ್ಲ.

ಫಾರ್ಮ್ ತುಂಬುವುದೇನು ಮಹಾ. ಓದಿದ್ದು, ಕೆಲಸ ಮಾಡಿದ್ದು, ರಿಜಿಸ್ಟ್ರಾರ್ ಕಚೇರಿಯ ಅಂಕಪಟ್ಟಿ. ಆ ಪಟ್ಟಿಯ ಹಿಂಬದಿಯಲ್ಲಿ ಗ್ರೇಡುಗಳ ಅರ್ಥ ವಿವರಿಸುವ ಪುಟವೊಂದಿರುತ್ತದೆ, ಅದನ್ನೂ ಸ್ಕ್ಯಾನ್ ಮಾಡಿ ಸೇರಿಸಬೇಕು. ಸಂಶೋಧನೆ ಏನು, ಅದರಲ್ಲಿ ವಿದ್ಯಾರ್ಥಿಯ ಪಾತ್ರವೇನು ಅನ್ನುವುದನ್ನು ಎರಡನೇ ಭಾಗದಲ್ಲಿ ಬರೆಯುವವರು ಮಾರ್ಗದರ್ಶಕರು. ಹಾಗಾಗಿ ಅಸಲಿ ಅರ್ಜಿ ಇರುವುದು ಅವರಿಗೆ ಕಳಿಸುವ ಮೊದಲ ಮೇಲ್‌ನಲ್ಲಿ. ‘ನನಗೆ ಕೃತಕ ಬುದ್ಧಿಮತ್ತೆಯಲ್ಲಿ ಅಪಾರ ಆಸಕ್ತಿ’ ಎಂಬ ಮೇಲ್‌ಗಳು ಅವರಿಗೆ ದಿನಾ ಬರುತ್ತಿರುತ್ತವೆ. ಅವರ ಒಂದು ಪೇಪರ್ ಕೂತು ಓದಿ, ಅರ್ಥವಾಗದ ಒಂದೇ ಒಂದು ಜಾಗ ಹಿಡಿದು ಕೇಳುವುದು ಮೇಲು ಅಂತ ಸೀನಿಯರ್ ಒಬ್ಬಳು ಹೇಳಿದ್ದಳು. ನಾನು ಹಾಗೇ ಮಾಡಿದೆ, ಮರುದಿನವೇ ಕರೆ ಬಂತು.

ಅವರದು ಸಾಫ್ಟ್‌ವೇರ್ ಟೆಸ್ಟಿಂಗ್. ಕೋಡ್ ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವ ಪುಟ್ಟ ಪ್ರೋಗ್ರಾಮುಗಳೇ ಟೆಸ್ಟ್‌ಗಳು. ಕೋಡಿನಲ್ಲಿ ಒಂದಕ್ಷರ ಬದಲಾಗದಿದ್ದರೂ ಕೆಲವು ಟೆಸ್ಟ್‌ಗಳು ಒಮ್ಮೆ ಪಾಸು, ಒಮ್ಮೆ ಫೇಲು. ಅವಕ್ಕೆ ಫ್ಲೇಕಿ ಟೆಸ್ಟ್ ಅನ್ನುತ್ತಾರೆ. ನೆಟ್‌ವರ್ಕಿನ ಉತ್ತರಕ್ಕೆ ಸಾಕಷ್ಟು ಕಾಯದಿರುವುದು, ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಎರಡು ಥ್ರೆಡ್‌ಗಳು ಒಂದನ್ನೊಂದು ತುಳಿಯುವುದು, ಹೀಗೆ ಕಾರಣ ಹಲವು. ನನಗೆ ಹಿಡಿಸಿದ್ದು ಸರದಿಯ ಸಮಸ್ಯೆ. ಒಂದು ಟೆಸ್ಟ್ ತಾತ್ಕಾಲಿಕ ಫೈಲೊಂದನ್ನು ಬರೆದು ಅಳಿಸದೆ ಹೋಗುತ್ತದೆ. ಅದರ ನಂತರ ಬರುವ ಟೆಸ್ಟ್ ಆ ಫೈಲ್ ಇದ್ದೇ ಇರುತ್ತದೆಂದು ನಂಬಿಕೊಂಡಿರುತ್ತದೆ. ವರ್ಷಗಟ್ಟಲೆ ಎಲ್ಲ ಹಸಿರು, ಅಂದರೆ ಪಾಸು. ಯಾರೋ ಸರದಿ ಬದಲಿಸಿದ ದಿನ ಕೆಂಪು, ಬೈಗುಳ ಮಾತ್ರ ಏನೂ ಮಾಡದ ಎರಡನೆಯದಕ್ಕೆ! ಓಪನ್ ಸೋರ್ಸ್ (ಕೋಡು ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟ್‌ಗಳ ಟೆಸ್ಟ್‌ಗಳನ್ನು ಅಡ್ಡಾದಿಡ್ಡಿ ಸರದಿಯಲ್ಲಿ ಮತ್ತೆ ಮತ್ತೆ ಓಡಿಸಿ ಇಂಥ ಜೋಡಿಗಳನ್ನು ಹಿಡಿಯುವುದು ನನ್ನ ಕೆಲಸ. ‘ಹಿಡಿದೆ ಅಂತ ಹೇಗೆ ಸಾಬೀತು ಮಾಡುತ್ತೀಯ?’ ಅಂದರು ಪ್ರೊಫೆಸರ್. ಆ ಎರಡನ್ನೇ ಬೇರೆ ತೆಗೆದು, ಹಿಂದುಮುಂದಾಗಿ ಓಡಿಸಿ ತೋರಿಸುತ್ತೇನೆ ಅಂದೆ. ‘ಮೂರನೆಯದೊಂದು ಟೆಸ್ಟ್ ಸೇರಿಕೊಂಡಿದ್ದರೆ?’ ಅಂತ ಅವರು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ನಕ್ಕು, ‘ಬೇಸಿಗೆಗೆ ಅಷ್ಟು ಸಾಕು’ ಅಂದರು.

ಇನ್ನು ರೂಮ್‌ಮೇಟ್ ವಿಷಯ. ದಾವಣಗೆರೆಯವಳು, ನನಗಿಂತ ಜಾಣೆ, ಅಂಕವೂ ಹೆಚ್ಚು. ಆದರೆ ಈ ಅರ್ಜಿ ಕೆನಡಾದ ಪೌರರಿಗೆ, ಪಿಆರ್ (ಕಾಯಂ ವಾಸದ ಹಕ್ಕು) ಇದ್ದವರಿಗೆ, ಆಶ್ರಯ ಪಡೆದವರಿಗೆ ಮಾತ್ರ. ಸ್ಟಡಿ ಪರ್ಮಿಟ್‌ನವಳು ಹಾಕುವಂತಿಲ್ಲ. ಅದಕ್ಕಿಂತ ತಮಾಷೆ ಏನೆಂದರೆ, ಭಾರತದಲ್ಲೇ ಓದುವವರಿಗೆ ಕೆನಡಾದ್ದೇ ಸಂಸ್ಥೆಯಾದ ಮಿಟಾಕ್ಸ್‌ನ ಗ್ಲೋಬಲಿಂಕ್ ಇಂಟರ್ನ್‌ಶಿಪ್ ಇದೆ, 12 ವಾರ ಇಲ್ಲಿಗೇ ಬಂದು ಸಂಶೋಧನೆ ಮಾಡಬಹುದು. ‘ಊರಲ್ಲೇ ಇದ್ದಿದ್ದರೆ ಕರೆಸಿಕೊಳ್ಳುತ್ತಿದ್ದರು ಕಣೇ, ಫೀಸ್ ಕಟ್ಟಿ ಬಂದಿದ್ದೇ ತಪ್ಪಾಯ್ತು’ ಅಂದಳು. ಸಾರ್ವಜನಿಕ ಹಣಕ್ಕೆ ಗಡಿ ಇರುತ್ತದೆ, ಒಪ್ಪುತ್ತೇನೆ. ಆದರೂ ಇದು ನ್ಯಾಯ ಅನ್ನಿಸುವುದಿಲ್ಲ.

ಪ್ರೊಫೆಸರ್‌ಗಳು ಬೇಕೆಂದರೆ ಸ್ವಂತ ಗ್ರ್ಯಾಂಟಿನಿಂದ ಸಂಬಳ ಕೊಟ್ಟು ಅವಳನ್ನು ತೆಗೆದುಕೊಳ್ಳಬಹುದು. ಹಾಗಾಗಿ ನನ್ನ ಅರ್ಜಿಯ ಸಂಖ್ಯೆಯನ್ನು ಪ್ರೊಫೆಸರ್‌ಗೆ ಕಳಿಸಿ (ಅವರ ಭಾಗ ಜೋಡಿಸುವುದು ಅದರಿಂದಲೇ), ರಾತ್ರಿ ಇಬ್ಬರೂ ಅವಳ ಮೇಲ್ ಬರೆಯಲು ಕೂತೆವು. ‘ಗೌರವಾನ್ವಿತ’ದಿಂದ ಶುರುವಾಗಿದ್ದ ಮೊದಲ ಪ್ಯಾರಾವನ್ನು ಪೂರ್ತಿ ಹೊಡೆದು ಹಾಕಿದೆವು. ಡೇಟಾಬೇಸ್ ಗುಂಪಿನವರ ಪೇಪರಿನ ನಾಲ್ಕನೇ ಚಿತ್ರದ ಬಗ್ಗೆ ಅವಳಿಗೊಂದು ತಕರಾರಿದೆ, ಅದನ್ನೇ ಮುಂದೆ ತಂದೆವು. ನಾಳೆ ಬೆಳಗ್ಗೆ ಕಳಿಸುತ್ತಾಳಂತೆ.