ಯುರೋಪಿನ ಸಮ್ಮೇಳನಕ್ಕೆ ಹೊರಟವರಿಗೆ ಷೆಂಗೆನ್ ವೀಸಾ

ಷೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು; ಗುಂಪಿನೊಳಕ್ಕೆ ಮೊದಲು ಕಾಲಿಡುವಲ್ಲೇ ತಪಾಸಣೆ. ಸಮ್ಮೇಳನಕ್ಕೆ ನಿಮ್ಮ ಪ್ರಬಂಧ ಒಪ್ಪಿಗೆಯಾದ ದಿನವೇ ವೀಸಾ ಕೆಲಸ ಶುರುಮಾಡಿ. ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, ಪ್ರಯಾಣಕ್ಕೆ 15 ದಿನ ಇರುವಷ್ಟರಲ್ಲಿ ಹಾಕಿರಬೇಕು. ಬೇಸಿಗೆಯಲ್ಲಿ ಬೆಂಗಳೂರಿನ ಕೇಂದ್ರಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ಕಷ್ಟ.

ಹೆಚ್ಚು ಜನ ಎಡವುವುದು ಯಾವ ದೇಶಕ್ಕೆ ಅರ್ಜಿ ಎಂಬಲ್ಲಿ. ಸಾಮಾನ್ಯವಾಗಿ ಮೊದಲು ಇಳಿಯುವ ದೇಶ ಲೆಕ್ಕಕ್ಕಿಲ್ಲ. ಪ್ರಯಾಣದ ಮುಖ್ಯ ಉದ್ದೇಶ ಎಲ್ಲಿದೆ, ಹೆಚ್ಚು ದಿನ ಎಲ್ಲಿರುತ್ತೀರಿ ಎಂಬುದೇ ಮುಖ್ಯ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಲಿಸ್ಬನ್‌ಗೆ ಹೋಗುವವರು ಪೋರ್ಚುಗಲ್‌ಗೇ ಅರ್ಜಿ ಹಾಕಬೇಕು. ಆದರೆ ಇಮಿಗ್ರೇಷನ್ ತಪಾಸಣೆ ನಡೆಯುವುದು ಫ್ರಾಂಕ್‌ಫರ್ಟ್‌ನಲ್ಲಿ. ಅಲ್ಲಿನ ಸಾಲು ಉದ್ದವಿರುತ್ತದೆ, ಹಾಗಾಗಿ ಎರಡು ವಿಮಾನಗಳ ನಡುವೆ ಕನಿಷ್ಠ 3 ಗಂಟೆ ಇಟ್ಟುಕೊಳ್ಳುವುದು ಒಳ್ಳೆಯದು. ಆಮಂತ್ರಣ ಪತ್ರ, ಹೋಟೆಲ್ ಬುಕಿಂಗ್ ಕೈಚೀಲದಲ್ಲೇ ಇರಲಿ. ವೀಸಾ ಇದ್ದರೂ ಅಧಿಕಾರಿ ಕೇಳಬಹುದು.

ಆಮಂತ್ರಣದಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ನಮ್ಮಲ್ಲಿ ಇನಿಷಿಯಲ್ ಬರೆಯುವ ರೂಢಿಯಿಂದ ಇಲ್ಲೇ ಗೊಂದಲವಾಗುತ್ತದೆ. ಖರ್ಚು ಯಾರದು ಎಂಬುದನ್ನೂ ಸಂಘಟಕರಿಂದ ಬರೆಸಿಕೊಳ್ಳಿ.

ಪಾಸ್‌ಪೋರ್ಟ್ 10 ವರ್ಷದೊಳಗಿನದಾಗಿದ್ದು, ಷೆಂಗೆನ್ ಬಿಟ್ಟ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು. 2 ಖಾಲಿ ಪುಟ ಬೇಕು. ಪ್ರಯಾಣದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ, ಪೂರ್ತಿ ವಾಸ್ತವ್ಯಕ್ಕೆ.

ವೀಸಾ ಕೈಗೆ ಬಂದೊಡನೆ ಪಾಸ್‌ಪೋರ್ಟ್‌ಗೆ ಅಂಟಿಸಿದ ಸ್ಟಿಕರ್ ಓದಿ. ವೀಸಾ ಚಾಲ್ತಿಯ ಎರಡು ದಿನಾಂಕಗಳ ನಡುವೆ 25 ದಿನವಿದ್ದು, ವಾಸ್ತವ್ಯದ ಅಂಕಣದಲ್ಲಿ 10 ಎಂದಿದ್ದರೆ ನಿಮಗಿರುವುದು 10 ದಿನ ಮಾತ್ರ. ಇಳಿದ ದಿನ, ಹೊರಟ ದಿನ ಎರಡೂ ಆ ಲೆಕ್ಕಕ್ಕೆ ಸೇರುತ್ತವೆ.