ತೊರವಿಯ ನೀರಿನ ದಾರಿ: ಹಳೇ ನಕಾಶೆ ಕೆಲಸ ಎಲ್ಲಿಗೆ ಬಂತು

ಇಂಚಿಗೆ ಒಂದು ಮೈಲಿ ಲೆಕ್ಕದ ವಿಜಯಪುರದ ಹಳೇ ಟೋಪೋಶೀಟ್ (ನೆಲದ ಏರಿಳಿತ ತೋರಿಸುವ ಸರ್ವೆ ನಕಾಶೆ) ಕೊನೆಗೂ ಇವತ್ತಿನ ನಕಾಶೆಯ ಮೇಲೆ ಸರಿಯಾಗಿ ಕೂತಿತು. ಕ್ಯೂಜಿಐಎಸ್ ಅನ್ನುವ ನಕಾಶೆ ತಂತ್ರಾಂಶದಲ್ಲಿ ಹೀಗೆ ಕೂರಿಸಲು ಅಂದಿಗೂ ಇಂದಿಗೂ ಜಾಗ ಬದಲಾಗದ ಗುರುತುಗಳು ಬೇಕು. ನಮ್ಮೂರಲ್ಲಿ ಅದಕ್ಕೇನು ಕೊರತೆ? ಗೋಲಗುಮ್ಮಟ, ಇಬ್ರಾಹಿಂ ರೋಜಾ, ಉಪ್ಪಲಿ ಬುರುಜು ಹಿಡಿದುಕೊಂಡೆ, ಸಾಕಾಯಿತು.

ನಾನು ಹುಡುಕುತ್ತಿರುವುದು ಊರಿನ ಪಕ್ಕದ ತೊರವಿಯ ಸುರಂಗ ಬಾವಡಿಯ ದಾರಿ. ಆದಿಲ್‌ಶಾಹಿಗಳ ಕಾಲದಲ್ಲಿ ಅಲ್ಲಿಂದ ನೆಲದೊಳಗೇ ನೀರು ಹರಿದು ಊರಿಗೆ ಬರುತ್ತಿತ್ತು. ಸುರಂಗದ ಉದ್ದಕ್ಕೂ ಗಾಳಿಗೆ, ಹೂಳು ಎತ್ತಲು ಬಾವಿ ತೋಡಿದ್ದರು. ಆ ಬಾವಿಗಳ ಸಾಲು ಸಿಕ್ಕರೆ ಸುರಂಗ ಸಿಕ್ಕ ಹಾಗೆ.

ಈಗ ಕೊರೋನಾ ಉಪಗ್ರಹದ ಫೋಟೋ ಜೋಡಿಸುತ್ತಿದ್ದೇನೆ. ಅಮೆರಿಕ 1960ರಿಂದ 1972ರವರೆಗೆ ಬೇಹುಗಾರಿಕೆಗೆ ತೆಗೆದ ಈ ಫೋಟೋಗಳು 1995ರಲ್ಲಿ ಬಹಿರಂಗವಾದವು. ಉದ್ದನೆಯ ಫಿಲ್ಮ್, ಅಂಚಿನತ್ತ ಚಿತ್ರ ಎಳೆದಂತಾಗಿರುತ್ತದೆ. ಹಾಗಾಗಿ ಪೂರ್ತಿ ಪಟ್ಟಿ ಬೇಡ, ತೊರವಿಯ ತುಣುಕನ್ನಷ್ಟೇ ಕತ್ತರಿಸಿ ಕೂರಿಸಿದೆ. ಅಥಣಿ ರಸ್ತೆಯಲ್ಲಿ ಈಗ ಮಹಿಳಾ ವಿಶ್ವವಿದ್ಯಾಲಯ ಇರುವ ಕಡೆ ಬರೀ ಹೊಲ!

ಫೋಟೋ ಯಾವ ತಿಂಗಳದ್ದು ಅನ್ನುವುದು ಬಹಳ ಮುಖ್ಯ. ಹಿಂಗಾರಿ ಬಿಳಿಜೋಳ ನಿಂತಿದ್ದರೆ ನೆಲವೇ ಕಾಣುವುದಿಲ್ಲ. ಸುಗ್ಗಿ ಮುಗಿದ ಮೇಲಿನದ್ದಾದರೆ ಎರೆ ಹೊಲ ಕಪ್ಪಗೆ, ಕಲ್ಲು ಮಣ್ಣು ಸುರಿದ ಜಾಗ ಬೆಳ್ಳಗೆ ಕಾಣುತ್ತದೆ. ನವರಸಪುರದ ಕೋಟೆ ಗೋಡೆ ಹಾಗೇ ಕಣ್ಣಿಗೆ ಬಿತ್ತು, ದೊಡ್ಡದೊಂದು ಬೆಳ್ಳನೆ ಕಮಾನು. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಶುರು ಮಾಡಿದ ಊರು. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ಹಾಳುಗೆಡವಿದ, ಗೋಡೆ ಅರ್ಧಕ್ಕೇ ನಿಂತಿತು. ನೆಲದ ಮೇಲೆ ನಿಂತು ನೋಡಿದರೆ ಕಲ್ಲಿನ ರಾಶಿ ಅಷ್ಟೇ. ಮೇಲಿಂದ ನೋಡಿದಾಗ ರಾಜ ಎಷ್ಟು ದೊಡ್ಡ ಊರು ಕಟ್ಟಲು ಹೊರಟಿದ್ದ ಅಂತ ತಿಳಿಯುತ್ತದೆ. ಆ ಸಂಜೆ ಅದನ್ನು ನೋಡುತ್ತಲೇ ಕೂತಿದ್ದೆ.

ಗೋಡೆಯಿಂದ ಪೂರ್ವಕ್ಕೆ ಸಣ್ಣ ಬೆಳ್ಳನೆ ಚುಕ್ಕೆಗಳ ಒಂದು ಸಾಲೂ ಇದೆ. ಬಾವಿ ತೋಡಿದಾಗ ಸುತ್ತ ಸುರಿದ ಕಲ್ಲು ಮಣ್ಣು ಇರಬಹುದು ಅಂತ ನನ್ನ ಊಹೆ. ಬದುವಿನ ಮೇಲಿನ ತಿಪ್ಪೆಗಳೂ ಹೀಗೇ ಕಾಣಬಹುದು, ಅಲ್ವಾ? ಅದಕ್ಕೇ ಟೋಪೋಶೀಟ್ ಬೇಕು. ಅದರಲ್ಲಿ 50 ಅಡಿಗೊಂದರಂತೆ ಎತ್ತರದ ಗೆರೆಗಳಿವೆ. ನೀರು ತಾನಾಗಿ ಹರಿಯಬೇಕಾದರೆ ಸಾಲು ಊರಿನ ಕಡೆ ಇಳಿಯಲೇಬೇಕು. ಇದು ಇಳಿಯುತ್ತದೆ.

ಮೊನ್ನೆ ಆ ಕಡೆ ಹೋಗಿ, ಹೊಲದ ಅಜ್ಜನಿಗೆ ಮೊಬೈಲ್‌ನಲ್ಲಿ ಫೋಟೋ ತೋರಿಸಿದೆ. "ಇಲ್ಲೊಂದು ಬಾಂವಿ ಇತ್ರಿ. ದನ ಬೀಳ್ತಾವಂತ ನಮ್ಮಪ್ಪ ಕಲ್ಲು ಹಾಕಿ ಮುಚ್ಚಿದ" ಅಂದರು. ಅವರು ಕೈ ತೋರಿಸಿದ ಜಾಗಕ್ಕೂ ಒಂದು ಚುಕ್ಕೆಗೂ ನಾಲ್ಕು ಹೆಜ್ಜೆಯ ಅಂತರ.

ಉಳಿದ ಚುಕ್ಕೆಗಳನ್ನು ಜಿಪಿಎಸ್‌ಗೆ ಹಾಕಿಕೊಂಡಿದ್ದೇನೆ. ಜೋಳ ಕೊಯ್ದ ಮೇಲೆ, ಹೊಲದವರನ್ನು ಕೇಳಿಕೊಂಡು, ಒಂದೊಂದೇ ನೋಡಬೇಕು.